ಪದಚರ್ಚೆ: ಲೈಪೋ ಬ್ಯಾಟರಿ ‘ಖಾಲಿ’ ಆಯಿತು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದಿಂದ ಒಂದು ಬ್ಯಾಟರಿ ಹಾಳಾಗಿದೆ. ಪದ ನನ್ನದು, ಬ್ಯಾಟರಿ ಹೈಸ್ಕೂಲ್ ಹುಡುಗನೊಬ್ಬನದು. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ.

ಬೇಸಿಗೆ ರಜೆಯಲ್ಲಿ ತುಮಕೂರಿನ ಹತ್ತಿರ ಒಣಗಿದ ಕೆರೆ ಅಂಗಳದಲ್ಲಿ ಏಳೆಂಟು ಮಕ್ಕಳಿಗೆ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುವುದನ್ನು ಹೇಳಿಕೊಡುತ್ತೇನೆ. ಫೋಮಿನ ಮೈ, ಮೂಗಿನಲ್ಲಿ ಮೋಟಾರು, ಹೊಟ್ಟೆಯೊಳಗೆ ಮೂರು ಸೆಲ್ಲಿನ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಚಾರ್ಜರ್ ಇಡುವ ಮೇಜಿಗೆ ಅಂಟಿಸಲು ಕನ್ನಡದಲ್ಲೇ ಒಂದು ಹಾಳೆ ಬರೆದಿದ್ದೆ. ಅದರ ಎರಡನೇ ಸಾಲು: ‘ಬ್ಯಾಟರಿ ಖಾಲಿಯಾದ ಮೇಲೆ ಚಾರ್ಜ್ ಮಾಡಿ.’

ಹುಡುಗನ ವಿಮಾನದ ಮೋಟಾರು ಮೇಲೇ ನಿಂತಿತು, ತೇಲಿಕೊಂಡು ಚೆನ್ನಾಗಿಯೇ ಇಳಿಸಿದ. ಆದರೆ ಬ್ಯಾಟರಿಯ ಪ್ಲಗ್ ಕೀಳಲಿಲ್ಲ. ಜಾಲಿ ಮರದ ನೆರಳಲ್ಲಿ ಕೂತು ರಿಮೋಟಿನ ಕಡ್ಡಿ ಆಡಿಸುತ್ತಲೇ ಇದ್ದ. ಕೇಳಿದರೆ, “ಬಾಲ ಇನ್ನೂ ಅಲ್ಲಾಡ್ತಿತ್ತು ಸಾರ್, ಖಾಲಿ ಆಗಿರ್ಲಿಲ್ಲ. ಹಾಳೇಲಿ ಖಾಲಿ ಆದ್ಮೇಲೆ ಅಂತ ಇದೆಯಲ್ಲ” ಅಂದ. ಮೀಟರ್ ಹಿಡಿದು ನೋಡಿದೆ. ಒಂದು ಸೆಲ್ 1.9 ವೋಲ್ಟ್, ಉಳಿದೆರಡು 2.3. ಚಾರ್ಜರ್ ಮುಟ್ಟಲೇ ಒಪ್ಪಲಿಲ್ಲ.

ತಪ್ಪು ಅವನದಲ್ಲ. ನಾನು ಕಲಿತದ್ದು ನಿಕ್ಕಲ್ ಕ್ಯಾಡ್ಮಿಯಂ ಕಾಲದಲ್ಲಿ. ರಿಮೋಟಿನಲ್ಲಿ ಎಂಟು ಸೆಲ್, 9.6 ವೋಲ್ಟ್. ಅರ್ಧಂಬರ್ಧ ಇರುವಾಗಲೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದಕ್ಕೆ ಅಷ್ಟೇ ‘ನೆನಪು’ ಉಳಿಯುತ್ತದೆ, ಆದ್ದರಿಂದ ಖಾಲಿ ಮಾಡಿಯೇ ಚಾರ್ಜಿಗೆ ಹಾಕು ಅನ್ನುತ್ತಿದ್ದರು ಹಿರಿಯರು. ಆ ಮಾತು ಹಾಗೇ ಕೈಗೆ ಅಂಟಿಕೊಂಡಿತ್ತು. ಲೈಪೋ ಲೆಕ್ಕವೇ ಬೇರೆ. ಸೆಲ್ಲೊಂದಕ್ಕೆ ತುಂಬಿದಾಗ 4.2 ವೋಲ್ಟ್, ಹಾರಿಸಿ ಇಳಿಸಿದ ಮೇಲೆ 3.5ಕ್ಕಿಂತ ಕೆಳಗೆ ಹೋಗಿರಬಾರದು, 3.0 ದಾಟಿ ಇಳಿದರೆ ಒಳಗೆ ಗಾಯ. ವೋಲ್ಟೇಜ್ ಇಳಿದಾಗ ವಿಮಾನದ ಒಳಗಿನ ಮೋಟಾರು ವೇಗ ನಿಯಂತ್ರಕ, ಅಂದರೆ ಇಎಸ್‌ಸಿ ಮೋಟಾರನ್ನಷ್ಟೇ ನಿಲ್ಲಿಸುತ್ತದೆ. ಬಾಲ ರೆಕ್ಕೆ ಆಡಿಸುವ ಸರ್ವೋಗಳಿಗೆ ಕರೆಂಟ್ ಬಿಟ್ಟಿರುತ್ತದೆ, ಇಲ್ಲದಿದ್ದರೆ ಇಳಿಸುವುದು ಹೇಗೆ? ಹುಡುಗ ಹೀರಿದ್ದು ಆ ಉಳಿಕೆಯನ್ನೇ.

ಕೊಡ ಖಾಲಿ, ಡಬ್ಬ ಖಾಲಿ, ಮನೆ ಖಾಲಿ. ನಮ್ಮ ‘ಖಾಲಿ’ ಅಂದರೆ ಏನೂ ಇಲ್ಲ ಎಂದೇ. ಈ ಬ್ಯಾಟರಿಗೆ ಆ ಪದ ಹಾಕಿದ್ದೇ ತಪ್ಪು. ಸ್ಕೂಟರ್ ಓಡಿಸಿದ ನನ್ನ ವಯಸ್ಸಿನವರು ‘ರಿಸರ್ವ್‌ಗೆ ಬಂತು’ ಅನ್ನುತ್ತಿದ್ದೆವಲ್ಲ, ಅದು ಸರಿಯಾದ ಮಾತು. ಆದರೆ ಈಗಿನ ಮಕ್ಕಳು ಪೆಟ್ರೋಲ್ ತಿರುಪನ್ನೇ ನೋಡಿಲ್ಲ. ‘ಮೀಸಲಿಗೆ ಬಂತು’ ಅಂದರೆ ಹೇಗೆ? ದೇವರಿಗೆಂದು ಎತ್ತಿಟ್ಟದ್ದು ಮೀಸಲು, ಅದನ್ನು ಮುಟ್ಟಬಾರದು, ಮೀಸಲು ಮುರಿಯಬಾರದು ಎಂಬ ಅರ್ಥ ನಮ್ಮ ಮನೆಗಳಲ್ಲಿ ಇನ್ನೂ ಇದೆ. 2200 ಎಂಎಎಚ್ (ಮಿಲಿಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿಯಲ್ಲಿ 1760 ಬಳಸು, ಉಳಿದ ಐದನೇ ಒಂದು ಪಾಲು ಮೀಸಲು. ರಾಜಕೀಯದ ಮೀಸಲಾತಿ ನೆನಪಾಗಿ ಮಕ್ಕಳು ನಕ್ಕರೂ ನಗಲಿ ಅನ್ನಿಸಿದೆ. ನಿಮ್ಮ ಅಭಿಪ್ರಾಯ ಬೇಕು.

ಎರಡನೆಯದು, ಊದುವುದೋ ಉಬ್ಬುವುದೋ? ಕೆಟ್ಟ ಲೈಪೋ ಒಳಗೆ ಅನಿಲ ತುಂಬಿಕೊಂಡು ದಿಂಬಿನ ಹಾಗೆ ಆಗುತ್ತದೆ. ಮಕ್ಕಳು ‘ಹೊಟ್ಟೆ ಬಂದಿದೆ’ ಅನ್ನುತ್ತಾರೆ, ಅಂಗಡಿಯವರು ‘ಉಬ್ಬಿದೆ’ ಅನ್ನುತ್ತಾರೆ. ನನಗೆ ‘ಉಬ್ಬು’ ಒಪ್ಪಿಗೆಯಿಲ್ಲ. ಪೂರಿ ಉಬ್ಬಿದರೆ ಸಂತೋಷ, ದೋಸೆ ಹಿಟ್ಟು ಉಬ್ಬಿದರೆ ಸಂತೋಷ. ಕಾಲು ಊದುತ್ತದೆ, ಮುಖ ಬಾತುಕೊಳ್ಳುತ್ತದೆ. ಅಲ್ಲಿ ಕಾಯಿಲೆ ಇದೆ. ಊದಿದ ಬ್ಯಾಟರಿಯನ್ನು ಒತ್ತಿ ಚಪ್ಪಟೆ ಮಾಡಲು ಹೋಗುವವರನ್ನು ನೋಡಿದ್ದೇನೆ, ಸೂಜಿ ಚುಚ್ಚಿ ಗಾಳಿ ತೆಗೆಯಲೇ ಎಂದು ಕೇಳಿದ ಮಹಾನುಭಾವರೂ ಇದ್ದಾರೆ. ಚುಚ್ಚಿದರೆ ಬೆಂಕಿ. ‘ಬಾತ ಬ್ಯಾಟರಿ’ ಎಂದು ಬರೆದರೆ ಚುಚ್ಚುವ ಮನಸ್ಸು ಬರಲಿಕ್ಕಿಲ್ಲ. ಉತ್ತರ ಕರ್ನಾಟಕದವರು ಇದಕ್ಕೆ ಏನನ್ನುತ್ತೀರಿ?

‘ಬ್ಯಾಲೆನ್ಸ್’ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಮೂರು ಸೆಲ್ಲಿನ ಬ್ಯಾಟರಿಗೆ ದಪ್ಪ ತಂತಿ ಎರಡಲ್ಲದೆ ಒಂದು ಪುಟ್ಟ ಬಿಳಿ ಪ್ಲಗ್ ಇರುತ್ತದೆ, ಅದರಲ್ಲಿ ನಾಲ್ಕು ಸಣ್ಣ ತಂತಿ. ಅದರ ಮೂಲಕ ಚಾರ್ಜರ್ ಒಂದೊಂದು ಸೆಲ್ಲನ್ನೂ ಬೇರೆಬೇರೆ ನೋಡಿ, ಮೂರನ್ನೂ ಒಂದೇ ವೋಲ್ಟೇಜಿಗೆ ತರುತ್ತದೆ. ಇದು ಬ್ಯಾಲೆನ್ಸ್ ಚಾರ್ಜಿಂಗ್. ಇದಕ್ಕೆ ‘ಸಮತೋಲನ’ ಬಳಸಿದ್ದೆ. ಪೇಚಿಗೆ ಸಿಕ್ಕಿದೆ, ಏಕೆಂದರೆ ವಿಮಾನವನ್ನೂ ಬ್ಯಾಲೆನ್ಸ್ ಮಾಡಬೇಕು: ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ, ಮೂಗು ಬೀಳದಂತೆ ಬಾಲ ಬೀಳದಂತೆ ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸುವುದು. ‘ಬ್ಯಾಟರಿ ಸಮತೋಲನ ಮಾಡಿ’ ಎಂದು ಓದಿದ ಹುಡುಗಿ ಚಾರ್ಜರ್ ಬಿಟ್ಟು ವಿಮಾನ ಎತ್ತಿಕೊಂಡಳು! ಈಗ ವಿಮಾನಕ್ಕೆ ‘ಸರಿದೂಗಿಸು’, ಸೆಲ್ಲುಗಳಿಗೆ ‘ಮಟ್ಟ ಮಾಡು’ ಎಂದು ಇಟ್ಟುಕೊಂಡಿದ್ದೇನೆ. ಗಾರೆಯವರು ಮಟ್ಟ ನೋಡುವುದು ಎಲ್ಲರಿಗೂ ಗೊತ್ತು. ಅದೇ ಪದದಿಂದ, ವಾರಗಟ್ಟಲೆ ಹಾರಿಸದಿದ್ದಾಗ ಸೆಲ್ಲಿಗೆ 3.8 ವೋಲ್ಟ್‌ನಲ್ಲಿ ಇಡುವುದನ್ನು ‘ಎತ್ತಿಡುವ ಮಟ್ಟ’ ಎನ್ನಬಹುದು.

ಬ್ಯಾಟರಿಯ ಮೇಲಿನ ‘25ಸಿ’ ಎಂಬುದಕ್ಕೆ ಕನ್ನಡ ಸಲೀಸಾಗಿ ಸಿಕ್ಕಿತು: ಪಟ್ಟು. 2200 ಎಂಎಎಚ್ ಅಂದರೆ 2.2 ಆಂಪಿಯರ್ ಅವರ್. ಇಪ್ಪತ್ತೈದು ಪಟ್ಟು ಅಂದರೆ 55 ಆಂಪಿಯರ್‌ವರೆಗೂ ಸೆಳೆಯಬಹುದು ಎಂದು ಲೇಬಲ್ಲಿನವರ ಮಾತು. ಚಾರ್ಜ್ ಮಾಡುವಾಗ ಒಂದು ಪಟ್ಟು, ಅಂದರೆ 2.2 ಆಂಪಿಯರ್, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು. ನಮ್ಮ ಮೋಟಾರು ಎಳೆಯುವುದೇ 20 ಆಂಪಿಯರ್, ಆದ್ದರಿಂದ ಅರವತ್ತು ಪಟ್ಟಿನ ಬ್ಯಾಟರಿಗೆ ದುಡ್ಡು ಸುರಿಯುವುದು ದಂಡ. ಎಂಎಎಚ್ ಹೆಚ್ಚಿದ್ದರೆ ಹೆಚ್ಚು ಹೊತ್ತು ಹಾರುತ್ತದೆ ಎಂಬುದೂ ಒಂದು ಹಂತದವರೆಗೆ ಮಾತ್ರ, ಆಮೇಲೆ ತೂಕವೇ ಅದನ್ನು ತಿಂದುಹಾಕುತ್ತದೆ. ಆದರೆ ಆ ಎಂಎಎಚ್‌ಗೆ ಏನು ಹೆಸರು? ‘ಸಾಮರ್ಥ್ಯ’ ಬೇಡ, ಶಾಲೆಯ ವಿಜ್ಞಾನದಲ್ಲಿ ಅದು ವ್ಯಾಟ್‌ನಲ್ಲಿ ಅಳೆಯುವ ಪವರ್. ‘ಈ ಕೊಡ ಎಷ್ಟು ಹಿಡಿಯುತ್ತೆ’ ಅನ್ನುತ್ತೇವೆ, ಅದರಿಂದ ಒಂದು ನಾಮಪದ ಹುಟ್ಟಿಸಲು ಯಾರಿಗಾದರೂ ಸಾಧ್ಯವೇ? ‘ಹಿಡಿತ’ ಆಗಲೇ ಬೇರೆ ಕೆಲಸಕ್ಕೆ ಹೋಗಿದೆ.

‘ಚಾರ್ಜ್’ ಎಂಬುದನ್ನು ಹಾಗೇ ಬಿಟ್ಟಿದ್ದೇನೆ. ಪಠ್ಯದ ‘ಆವೇಶ’ ಬಳಸಿ ‘ಬ್ಯಾಟರಿಗೆ ಆವೇಶ ತುಂಬಿ’ ಎಂದು ಬರೆದರೆ ಜಾತ್ರೆಯಲ್ಲಿ ಮೈಮೇಲೆ ಬಂದವರು ಕಣ್ಣಿಗೆ ಕಟ್ಟುತ್ತಾರೆ. ಆದರೆ ‘ಚಾರ್ಜಿಗೆ ಹಾಕು’ ಎಂಬುದರಲ್ಲಿ ಒಂದು ಅಪಾಯ ಇದೆ. ಹಾಕಿ ಊಟಕ್ಕೆ ಹೋಗುವುದು, ಹಾಕಿ ಮಲಗುವುದು ಮೊಬೈಲಿನಿಂದ ಬಂದ ಅಭ್ಯಾಸ. ಲೈಪೋ ಪಕ್ಕ ಕೂತಿರಬೇಕು, ಹಾಲು ಒಲೆಯ ಮೇಲಿಟ್ಟ ಹಾಗೆ. ಹಾಳೆಯಲ್ಲಿ ಹಾಗೇ ಬರೆದೆ. ಪದ ಸಿಗದಿದ್ದಾಗ ಹೋಲಿಕೆಯೇ ಗತಿ.

ಇನ್ನೊಂದು, ಬೇರೆ ಊರಿನವರು ಹೇಳಬೇಕು. ನಮ್ಮಜ್ಜಿಗೆ ‘ಬ್ಯಾಟ್ರಿ’ ಅಂದರೆ ಟಾರ್ಚು. ಒಳಗೆ ಹಾಕುವುದು ‘ಶೆಲ್ಲು’. “ಬ್ಯಾಟ್ರಿಗೆ ಎರಡು ಶೆಲ್ ತಾ” ಅನ್ನುತ್ತಿದ್ದಳು. ಒಂದು ಸೆಲ್, ಹಲವು ಸೆಲ್ ಸೇರಿದ ಬ್ಯಾಟರಿ ಎಂಬ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲು ನಾನು ಅರ್ಧ ಗಂಟೆ ಒದ್ದಾಡುತ್ತೇನೆ, ಅಜ್ಜಿಯ ಮಾತಿನಲ್ಲಿ ಅದು ಸುಮಾರಾಗಿ ಇದ್ದೇ ಇತ್ತು. ಈ ‘ಶೆಲ್ಲು’ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ? ಇದ್ದರೆ ‘ಮೂರು ಶೆಲ್ಲಿನ ಬ್ಯಾಟರಿ’ ಎಂದೇ ಬರೆದುಬಿಡುತ್ತೇನೆ.