ಅಪ್‌ಡೇಟ್: ಅಪ್ಪನ ಕೆಂಪು ಮಚ್ಚೆ ಚರ್ಮದ ಲಿಂಫೋಮಾ ಅಂತ ಗೊತ್ತಾಯಿತು

ಅಪ್ಪನ ಸೊಂಟದ ಕೆಂಪು ಮಚ್ಚೆಗಳು ಯಾವ ಮುಲಾಮಿಗೂ ಬಗ್ಗುತ್ತಿಲ್ಲ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಇನ್ನೊಮ್ಮೆ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷಿಸೋದು) ಮಾಡಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಈ ಸಲ ಸ್ಟೀರಾಯ್ಡ್ ಮುಲಾಮು ಕೆಲವು ವಾರ ನಿಲ್ಲಿಸಿ, ಆಮೇಲೆ ಚರ್ಮದ ಚೂರು ತೆಗೆದರು. ಮೈಕೋಸಿಸ್ ಫಂಗಾಯ್ಡಿಸ್ ಅನ್ನೋ ಚರ್ಮದ ಲಿಂಫೋಮಾ ಅಂತ ಬಂತು, ಆರಂಭದ ಹಂತ. ಹೆಸರು ಹಾಗಿದ್ದರೂ ಇದು ಫಂಗಸ್ ಅಲ್ವೇ ಅಲ್ಲ, ಟಿ ಕಣ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್! ಹುಳುಕಡ್ಡಿ ಕ್ರೀಮ್ ಅದಕ್ಕೇ ಕೆಲಸ ಮಾಡಲಿಲ್ಲ.

ಕೀಮೋ ಅಂತ ಹೆದರಿದ್ದೆವು, ಸದ್ಯಕ್ಕೆ ಬೇಡವಂತೆ. ವಾರಕ್ಕೆ 3 ಸಲ ನ್ಯಾರೋಬ್ಯಾಂಡ್ ಯುವಿಬಿ ಬೆಳಕು, ಅಂದರೆ ಒಂದು ಬಗೆಯ ನೇರಳಾತೀತ ಬೆಳಕಿನ ಚಿಕಿತ್ಸೆ. ಅಪ್ಪ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಆ ಬೆಳಕಿನ ಪೆಟ್ಟಿಗೆಯೊಳಗೆ ನಿಲ್ಲುತ್ತಾರೆ, ಮೊದಲ ದಿನ ಒಂದು ನಿಮಿಷವೂ ಹಿಡಿಯಲಿಲ್ಲ. ಮಚ್ಚೆ ಹೋಗೋಕೆ ತಿಂಗಳುಗಳೇ ಬೇಕಂತೆ. ಆದರೆ ಸ್ನಾನವಾದ ತಕ್ಷಣ, ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ ಅಂದಿರಲ್ಲ, ಅದರಿಂದ ತುರಿಕೆ ತುಂಬಾನೇ ಕಮ್ಮಿಯಾಗಿದೆ, ಅಪ್ಪ ರಾತ್ರಿ ನಿದ್ದೆ ಮಾಡುತ್ತಿದ್ದಾರೆ.