‘ಡೆಪ್ರಿಕೇಟೆಡ್’ ಎಂಬುದಕ್ಕೆ ‘ರದ್ದಾದ’ ಎನ್ನಬಹುದೇ?

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ವರ್ಚುವಲ್ ಯಂತ್ರಗಳ, ಅಂದರೆ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ನಡೆಯುವ ಇನ್ನೊಂದು ಕಂಪ್ಯೂಟರುಗಳ, ಮುಕ್ತ ತಂತ್ರಾಂಶಗಳ ಬಗ್ಗೆ ನಾನು ಬರೆಯುತ್ತಿರುವ ಕೈಪಿಡಿಯಲ್ಲಿ ‘ಡೆಪ್ರಿಕೇಟೆಡ್’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತಿದೆ. ಇನ್ನೂ ಕೆಲಸ ಮಾಡುವ, ಆದರೆ ಮುಂದೆ ತೆಗೆಯಲಿರುವುದರಿಂದ ಬಳಸುವುದನ್ನು ಬಿಡಿ ಎಂದು ತಯಾರಕರು ಗುರುತಿಸಿದ ಸೌಲಭ್ಯಕ್ಕೆ ಹೀಗೆನ್ನುತ್ತಾರೆ. ಮೊದಲ ಕರಡಿನಲ್ಲಿ ಎಲ್ಲ ಕಡೆಯೂ ‘ರದ್ದಾದ ಆಜ್ಞೆ’ (ಆಜ್ಞೆ ಎಂದರೆ ಇಲ್ಲಿ ಕಂಪ್ಯೂಟರಿಗೆ ಕೊಡುವ ಕಮಾಂಡ್) ಎಂದೇ ಬರೆದಿದ್ದೆ. ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳು, ರದ್ದಾಗಿದೆ ಎಂದ ಆಜ್ಞೆ ಒಂದು ಸಾಲಿನ ಎಚ್ಚರಿಕೆ ತೋರಿಸಿ ಎಂದಿನಂತೆಯೇ ಕೆಲಸ ಮಾಡಿತಲ್ಲ ಎಂದು ಕೇಳಿದಾಗ, ತಪ್ಪು ನನ್ನ ಪದದಲ್ಲೇ ಇದೆಯೆಂದು ಮನವರಿಕೆಯಾಯಿತು.

ವರ್ಚುವಲ್ ಯಂತ್ರಗಳನ್ನು ನಡೆಸುವ ಝೆನ್ ತಂತ್ರಾಂಶದ ಹಳೆಯ ‘ಎಕ್ಸ್‌ಎಂ’ ಆಜ್ಞೆಯನ್ನು ನೋಡಿ. 2011ರ 4.1ನೇ ಆವೃತ್ತಿಯಲ್ಲಿ ಅದರ ಜಾಗಕ್ಕೆ ‘ಎಕ್ಸ್‌ಎಲ್’ ಬಂದಿತಾದರೂ ಹಳೆಯದನ್ನು ಕಿತ್ತುಹಾಕಿದ್ದು 2015ರ 4.5ನೇ ಆವೃತ್ತಿಯಲ್ಲಿ. ಇಂಥದೇ ಇನ್ನೊಂದು ತಂತ್ರಾಂಶವಾದ ಕ್ಯೂಎಮುವಿನಲ್ಲಿಯೂ ಹೀಗೆ ಗುರುತಿಸಿದ ಸೌಲಭ್ಯವನ್ನು ಎರಡು ಆವೃತ್ತಿಗಳವರೆಗೆ ಉಳಿಸಿಕೊಂಡು ಆಮೇಲೆ ತೆಗೆಯುವುದು ನಿಯಮ. ನಮಗೆ ಹೆಸರು ಬೇಕಾಗಿರುವುದು ಈ ನಡುವಿನ ಅವಧಿಗೆ.

ಈ ಸ್ಥಿತಿ ನಮ್ಮ ಜನರಿಗೆ ಹೊಸತೇನಲ್ಲ. 2016ರ ನವೆಂಬರಿನಲ್ಲಿ ಹಳೆಯ 500, 1000 ರೂಪಾಯಿಯ ನೋಟುಗಳು ರದ್ದಾದವು. 2023ರ ಮೇ ತಿಂಗಳಲ್ಲಿ 2000 ರೂಪಾಯಿಯ ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಂಡಾಗ ಅದರ ಕಾನೂನು ಮಾನ್ಯತೆ ಮಾತ್ರ ಉಳಿದೇ ಇತ್ತು. ಆಗ ಇಲ್ಲಿನ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ‘ನಡೆಯುತ್ತದೆ, ಆದರೆ ಇಟ್ಟುಕೊಳ್ಳಬೇಡಿ’ ಎಂದು ಹೇಳಿದ್ದು ನನಗೆ ನೆನಪಿದೆ. ‘ಡೆಪ್ರಿಕೇಟೆಡ್’ ಎಂಬುದರ ತಾತ್ಪರ್ಯವನ್ನು ಇದಕ್ಕಿಂತ ನಿಖರವಾಗಿ ಹೇಳಿದವರನ್ನು ನಾನು ಕಂಡಿಲ್ಲ.

‘ರದ್ದಾದ’ ಎಂಬುದರ ಬದಲು ‘ಅಸಮ್ಮತ’ ಎಂದರೆ ಆ ಆಜ್ಞೆಗೆ ಎಂದೂ ಒಪ್ಪಿಗೆ ಇರಲಿಲ್ಲವೆಂಬ ಧ್ವನಿ ಬರುತ್ತದೆ. ‘ಬಳಕೆ ತಪ್ಪಿದ’ ಎನ್ನುವಂತಿಲ್ಲ, ಏಕೆಂದರೆ ಜನ ಇನ್ನೂ ಬಳಸುತ್ತಿರುವುದರಿಂದಲೇ ಎಚ್ಚರಿಕೆ ಕೊಡಬೇಕಾಗಿದೆ. ‘ಸವಕಲು’ ಎಂಬುದು ಚೆಂದದ ಪದವಾದರೂ ಅದು ಸವೆದ ವಸ್ತುವಿಗೆ ಸಲ್ಲುತ್ತದೆ. ಇಲ್ಲಿ ಹಳೆಯ ಆಜ್ಞೆ ಸವೆದಿಲ್ಲ, ಅದಕ್ಕಿಂತ ಉತ್ತಮವಾದುದು ಬಂದಿದೆ, ಅಷ್ಟೆ. ಸದ್ಯಕ್ಕೆ ನನ್ನ ಒಲವು ‘ಬಿಡತಕ್ಕ’ ಎಂಬುದರ ಕಡೆಗಿದೆ: ಬಿಡತಕ್ಕ ಆಜ್ಞೆ ಇನ್ನೂ ಇದೆ, ತೆಗೆದ ಆಜ್ಞೆ ಈಗಿಲ್ಲ. ವಿಧಿಸುವ ಅರ್ಥದ ‘ತಕ್ಕದ್ದು’ ಕಾನೂನಿನ ಕನ್ನಡದಲ್ಲಿ ಮೊದಲೇ ಬೇರೂರಿರುವುದೂ ಇದಕ್ಕೊಂದು ಬಲ.

ತೊಡಕುಗಳು ಎರಡಿವೆ. ಆವೃತ್ತಿ ಹೊರತರುವುದನ್ನು ನಾವು ‘ಬಿಡುಗಡೆ’ ಎನ್ನುವುದರಿಂದ ‘ಈ ಬಿಡುಗಡೆಯಲ್ಲಿ ಬಿಡತಕ್ಕ ಆಜ್ಞೆಗಳು’ ಎಂಬ ಶೀರ್ಷಿಕೆಯನ್ನು, ಹೊಸದಾಗಿ ಹೊರಬರಬೇಕಾದ ಆಜ್ಞೆಗಳೆಂದು ಓದುವ ಅಪಾಯವಿದೆ. ಇನ್ನು ‘ಡೆಪ್ರಿಕೇಷನ್’ ಎಂಬ ನಾಮಪದಕ್ಕೆ ‘ಬಿಡತಕ್ಕದ್ದೆಂದು ಸಾರುವಿಕೆ’ ಎಂದರೆ ಅರ್ಥ ಸರಿಹೋದರೂ ಬಾಯಲ್ಲಿ ನಿಲ್ಲುವುದಿಲ್ಲ. ‘ಹಿಂತೆಗೆತದ ಸೂಚನೆ’ ಇದಕ್ಕೆ ಒಗ್ಗೀತೇ, ಅಥವಾ ನಿಮ್ಮ ಕಡೆ ಇದಕ್ಕೆ ಬೇರೆ ಮಾತು ರೂಢಿಯಲ್ಲಿದೆಯೇ?