‘ಕೌಫ್‌ಮನ್’: ಮಾರುವವನಿಗೆ ಕೊಳ್ಳುವವನ ಹೆಸರೇಕೆ?

ಪ್ರಶ್ನೆ: ಮಾನ್ಯರೇ, ನಾನು ಜರ್ಮನ್ ಕಲಿಯುತ್ತಿರುವ ವಾಣಿಜ್ಯ ವಿದ್ಯಾರ್ಥಿನಿ. ‘ಕೌಫೆನ್’ ಎಂದರೆ ಕೊಳ್ಳುವುದು, ‘ಮನ್’ ಎಂದರೆ ಮನುಷ್ಯ ಎಂದು ಓದಿದ್ದೇನೆ. ಆದರೆ ‘ಕೌಫ್‌ಮನ್’ ಎಂಬ ಸಮಾಸಕ್ಕೆ ನಿಘಂಟಿನಲ್ಲಿರುವ ಅರ್ಥ ವರ್ತಕ. ಮಾರುವವನಿಗೆ ಕೊಳ್ಳುವವನ ಹೆಸರು ಬಂದದ್ದು ಹೇಗೆ? ಭಾಷಾಶಾಸ್ತ್ರ ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ: ನಿಮ್ಮ ಸಂದೇಹ ಸಹಜವೇ. ಆದರೆ ಕೊಳ್ಳುವ ಕ್ರಿಯೆಯಿಂದ ವರ್ತಕನಿಗೆ ಹೆಸರು ಬಂದಿಲ್ಲ. ವರ್ತಕನ ಹೆಸರಿನಿಂದಲೇ ಆ ಕ್ರಿಯಾಪದ ಹುಟ್ಟಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಲ್ಯಾಟಿನ್‌ನಲ್ಲಿ ‘ಕೌಪೊ’ ಎಂದರೆ ಹೆಂಡ ಮಾರುವವನು, ಛತ್ರ ನಡೆಸುವವನು, ಚಿಲ್ಲರೆ ವ್ಯಾಪಾರಿ. ರೋಮನ್ನರೊಡನೆ ವ್ಯವಹರಿಸಿದ ಜರ್ಮಾನಿಕ್ ಜನರು (ಜರ್ಮನ್, ಇಂಗ್ಲಿಷ್, ಡಚ್ ಮೊದಲಾದವುಗಳ ಮೂಲನುಡಿಯನ್ನು ಆಡುತ್ತಿದ್ದವರು) ಈ ಪದವನ್ನು ಎರವಲು ಪಡೆದು, ಅದರಿಂದ ‘ವ್ಯಾಪಾರ ಮಾಡು’ ಎಂಬ ಕ್ರಿಯಾಪದವನ್ನು ಕಟ್ಟಿಕೊಂಡರು. ಇದಕ್ಕೆ ಒಳ್ಳೆಯ ಸಾಕ್ಷ್ಯ ಹಳೆಯ ಜರ್ಮಾನಿಕ್ ಭಾಷೆಯಾದ ಗೋಥಿಕ್‌ನ 4ನೆಯ ಶತಮಾನದ ಬೈಬಲ್ ಅನುವಾದದಲ್ಲಿದೆ: ಯಜಮಾನನು ಸೇವಕರ ಕೈಗೆ ಹಣ ಕೊಟ್ಟು, ತಾನು ಬರುವವರೆಗೆ ವ್ಯಾಪಾರ ಮಾಡಿರೆಂದು ಹೇಳುವಲ್ಲಿ ‘ಕೌಪೋನ್’ ಧಾತು ಬಳಕೆಯಾಗಿದೆ, ಬರಿಯ ಕೊಳ್ಳುವಿಕೆಗೆ ಆ ಭಾಷೆಯಲ್ಲಿ ‘ಬುಗ್ಯನ್’ ಎಂಬ ಬೇರೆಯೇ ಪದವಿತ್ತು. ಸಂತೆಗೆ ಹೋಗಿ ಸಾಮಾನು ಕೊಂಡವರೂ ‘ವ್ಯಾಪಾರ ಮಾಡಿಕೊಂಡು ಬಂದೆ’ ಎನ್ನುವುದನ್ನು ನೆನೆದರೆ, ಇಬ್ಬದಿಯ ವ್ಯವಹಾರದ ಪದವೊಂದು ಕೊಳ್ಳುವವರ ಕಡೆಗೆ ವಾಲುವುದು ನಮಗೆ ವಿಚಿತ್ರವೆನಿಸದು. ಜರ್ಮನ್‌ನಲ್ಲಿ ಆದದ್ದೂ ಇದೇ. ಮಾರುವುದಕ್ಕೆ ‘ಫೆರ್’ ಎಂಬ ಉಪಸರ್ಗ ಸೇರಿ ‘ಫೆರ್‌ಕೌಫೆನ್’ ಬಳಕೆಗೆ ನಿಂತಿತು. ಹಳೆಯ ಜರ್ಮನ್‌ನಲ್ಲಿಯೇ ‘ಕೌಫ್‌ಮನ್’ ರೂಪುಗೊಂಡಿದ್ದರಿಂದ ಆ ಸಮಾಸದೊಳಗೆ ಹಿಂದಿನ ವಿಶಾಲ ಅರ್ಥವೇ ಉಳಿದಿದೆ. ‘ಮನ್’ ಕುರಿತು ವಿಶೇಷವೇನಿಲ್ಲ. ಬಹುವಚನದಲ್ಲಿ ಅದು ‘ಕೌಫ್‌ಲೋಯ್ಟೆ’ ಆಗುತ್ತದೆ, ಮಹಿಳೆಗೆ ‘ಕೌಫ್‌ಫ್ರೌ’ ಎನ್ನುತ್ತಾರೆ.

ನೀವು ವಾಣಿಜ್ಯದ ವಿದ್ಯಾರ್ಥಿನಿಯಾದ್ದರಿಂದ ಇನ್ನೊಂದು ಮಾತು: 1900ರ ಜನವರಿ 1ರಂದು ಜಾರಿಗೆ ಬಂದ ಜರ್ಮನ್ ವಾಣಿಜ್ಯ ಸಂಹಿತೆಯ ಮೊದಲ ಕಲಮೇ ‘ಕೌಫ್‌ಮನ್’ ಯಾರೆಂಬುದನ್ನು ನಿರೂಪಿಸುತ್ತದೆ.

ಮರುಪ್ರಶ್ನೆ: ವಂದನೆಗಳು. ಲ್ಯಾಟಿನ್‌ನ ‘ಪ’ಕಾರ ‘ಫ’ಕಾರವಾದದ್ದೇಕೆ? ಇಂಗ್ಲಿಷಿನ ‘ಚೀಪ್’ ಇದಕ್ಕೆ ಸಂಬಂಧಿಯೇ?

ಉತ್ತರ: ದಕ್ಷಿಣದ ಜರ್ಮನ್ ಉಪಭಾಷೆಗಳಲ್ಲಿ ಸ್ವರದ ನಂತರ ಬರುವ ‘ಪ್’ ಕ್ರಮವಾಗಿ ‘ಫ್’ ಆಯಿತು, ಇಂಗ್ಲಿಷಿನ ‘ಶಿಪ್’ ಜರ್ಮನ್‌ನಲ್ಲಿ ‘ಶಿಫ್’ ಆಗಿರುವುದೂ ಇದರಿಂದಲೇ. ಈ ಪಲ್ಲಟಕ್ಕೆ ‘ಕೌಪೊ’ ಕೂಡ ಒಳಗಾಗಿದೆಯೆಂದರೆ, ಎರವಲು ಅದಕ್ಕಿಂತ ಮೊದಲೇ ನಡೆದಿರಬೇಕು. ಪಲ್ಲಟ ತಲುಪದ ಡಚ್ಚಿನಲ್ಲಿ ಇಂದಿಗೂ ‘ಕೋಪ್‌ಮನ್’ ಎನ್ನುತ್ತಾರೆ. ‘ಚೀಪ್’ ಖಂಡಿತ ಸಂಬಂಧಿ: ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ವ್ಯಾಪಾರ, ಸಂತೆ ಎಂಬ ಅರ್ಥಗಳಿದ್ದವು, ಅಗ್ಗ ಎಂಬ ಅರ್ಥ ಬಹಳ ತಡವಾಗಿ ಬಂತು. ಲಂಡನ್ನಿನ ‘ಚೀಪ್‌ಸೈಡ್’ ಬೀದಿ ಹಿಂದೆ ಸಂತೆಯ ಸ್ಥಳ. ಕೋಪನ್‌ಹೇಗನ್ ಎಂಬ ಹೆಸರಿಗೂ ವರ್ತಕರ ಬಂದರು ಎಂದೇ ಅರ್ಥ.